ಗುಜರಿಗೆ ಹೋಗುವ ಸಾಕ್ಷಿ

ಕಳೆದ ತಿಂಗಳು ಚಿಂತಾಮಣಿಯಿಂದ ಕೋಲಾರಕ್ಕೆ ಬರುತ್ತಿದ್ದೆ. ಬೆಳಗಿನ ಜಾವ. ರಸ್ತೆಯಂಚಿನಲ್ಲಿ ಒಂದು ಪಿಕಪ್ ಕಂಡಿತು. ನಿಂತಿತ್ತು ಅನ್ನಲಾರೆ, ಕೂತಿತ್ತು. ಎಡಗಡೆಯ ಹಿಂದಿನ ಚಕ್ರ ಆಕ್ಸಲ್ ತುಂಡಿನ ಸಮೇತ ಗೇಣುದ್ದ ಹೊರಗೆ ಬಂದಿತ್ತು. ಗಾಡಿ ಆ ಕಡೆಗೆ ಮಂಡಿಯೂರಿತ್ತು. ನಾಲ್ಕೈದು ಬಾಕ್ಸ್ ಟೊಮೆಟೊ ಚರಂಡಿ ಸೇರಿದ್ದವು. ಡ್ರೈವರ್, ಅವನೇ ಮಾಲೀಕ, ಇನ್ನೂ ಮೂವತ್ತು ದಾಟದ ಹುಡುಗ. ಮಂಡಿಯವರಿಗೆ ಫೋನ್ ಹಚ್ಚಿ ಹರಾಜಿಗೆ ಸ್ವಲ್ಪ ಕಾಯಿರಿ ಅಂತ ಗೋಗರೆಯುತ್ತಿದ್ದ. ಹರಾಜು ಯಾರಿಗೂ ಕಾಯುವುದಿಲ್ಲ ಅನ್ನುವುದು ಅವನಿಗೂ ಗೊತ್ತು.

"ಆಕ್ಸಲ್ ಕಟ್ಟಾಯ್ತು ಸಾರ್. ಎರಡು ವರ್ಷದಾಗೆ ಇದು ಮೂರನೇದು."

ಅಷ್ಟರಲ್ಲಿ ಬೈಕಿನಲ್ಲಿ ಮೆಕ್ಯಾನಿಕ್ ಬಂದರು. ಬಗ್ಗಿ ನೋಡುವ ಮೊದಲೇ ಕೇಳಿದರು: "ಎಷ್ಟು ಬಾಕ್ಸ್ ಹಾಕಿದ್ದೆಯಪ್ಪಾ?"

"ನೂರಾ ಅರವತ್ತು, ಭಾಯ್."

"ಮತ್ತೆ ಇನ್ನೇನಾಗತ್ತೆ!"

ವಿಚಾರಣೆ ಅಲ್ಲಿಗೆ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಹೊಸ ಆಕ್ಸಲ್ ಕೂತಿತು, ಹಳೆಯ ತುಂಡು ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಯಿತು.

ಮೆಕ್ಯಾನಿಕ್ ಹೇಳಿದ್ದು ಸುಳ್ಳಲ್ಲ. ಕೋಲಾರದ ಟೊಮೆಟೊ ಬಾಕ್ಸ್ ಅಂದರೆ 15 ಕೆಜಿ ಲೆಕ್ಕ. 160 ಬಾಕ್ಸಿಗೆ 2,400 ಕೆಜಿ ಹಣ್ಣೇ ಆಯಿತು. ಪ್ಲಾಸ್ಟಿಕ್ ಬಾಕ್ಸಿನದ್ದೇ ತೂಕ ಸೇರಿಸಿದರೆ ಎರಡೂವರೆ ಟನ್ ದಾಟುತ್ತದೆ. ಅವನ ಗಾಡಿಯ ಆರ್‌ಸಿ ಪ್ರಕಾರ ಹೊರಬಹುದಾದ್ದು ಒಂದೂವರೆ ಟನ್. ಆದರೆ ಬಾಡಿಗೆ ಬಾಕ್ಸಿನ ಲೆಕ್ಕದಲ್ಲಿ, ಸಾಲದ ಕಂತು ತಿಂಗಳ ಲೆಕ್ಕದಲ್ಲಿ. ನೂರು ಬಾಕ್ಸಿಗೆ ನಿಲ್ಲಿಸಿದರೆ ಡೀಸೆಲ್, ಕಂತು ಕಳೆದು ಮನೆಗೆ ಏನೂ ಉಳಿಯುವುದಿಲ್ಲ. ಪಕ್ಕದವನು ನೂರಾ ಅರವತ್ತು ಹಾಕುತ್ತಾನೆ, ಇವನು ಹಾಕದಿದ್ದರೆ ನಾಳೆಯಿಂದ ತೋಟದವರು ಪಕ್ಕದವನನ್ನೇ ಕರೆಯುತ್ತಾರೆ. ಮಲೆನಾಡಿನ ಘಾಟಿಗಳಲ್ಲಿ ಅಡಿಕೆ, ಮರಳು, ಜಲ್ಲಿ ಹೊರುವ ಪಿಕಪ್‌ಗಳದ್ದೂ ಇದೇ ಕಥೆ.

ಆದರೂ ಆ ಉತ್ತರ ನನಗೆ ಒಗ್ಗಲಿಲ್ಲ. ಬೇರೇನೂ ಕೇಳಲು ತೋಚದೆ ಹುಡುಗನನ್ನು ಕೇಳಿದೆ, "ಹಿಂದಿನ ಎರಡು ಸಲ ಯಾವ ಕಡೆ ಮುರೀತು?"

ಅವನು ಒಂದು ಕ್ಷಣ ಯೋಚಿಸಿದ. "ಇದೇ ಕಡೆ ಸಾರ್. ಎಡಗಡೇನೇ. ಒಂದ್ಸಲವಂತೂ ಖಾಲಿ ಗಾಡಿ, ಊರಿಗೆ ವಾಪಸ್ ಬರ್ತಾ ಇದ್ದೆ."

ಭಾರ ಎರಡೂ ಕಡೆ ಕೂತಿರುತ್ತದೆ. ಮುರಿಯುವುದು ಮಾತ್ರ ಒಂದೇ ಕಡೆ, ಅದೂ ಒಮ್ಮೆ ಖಾಲಿ ಗಾಡಿಯಲ್ಲಿ. ಬರೀ ಓವರ್‌ಲೋಡ್ ಅನ್ನುವ ಒಂದು ಮಾತಿನಲ್ಲಿ ಇದು ಬಗೆಹರಿಯುವುದಿಲ್ಲ.

ಎತ್ತಿನ ಗಾಡಿಯಿಂದಲೇ ಶುರು ಮಾಡೋಣ. ಗಾಡಿಯ ಇರಸು ತಿರುಗುವುದಿಲ್ಲ, ಅದರ ಎರಡು ತುದಿಯಲ್ಲಿ ಚಕ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ತಿರುವಿನಲ್ಲಿ ಒಂದು ನಿಧಾನ, ಇನ್ನೊಂದು ಬೇಗ. ಯಾರ ಅಪ್ಪಣೆಯೂ ಬೇಡ. ಮೋಟಾರು ಗಾಡಿಯಲ್ಲಿ ಹಾಗಲ್ಲ, ಚಕ್ರವನ್ನು ಎಂಜಿನ್ನೇ ತಿರುಗಿಸಬೇಕು. ಎರಡು ಚಕ್ರಕ್ಕೂ ಒಂದೇ ಸರಳು ಕೊಟ್ಟರೆ ತಿರುವಿನಲ್ಲಿ ಒಂದು ಚಕ್ರ ಉಜ್ಜಿಕೊಂಡು ಹೋಗಬೇಕಾಗುತ್ತದೆ. ಕಣದಲ್ಲಿ ಮೇಟಿಗೆ ಎತ್ತು ಕಟ್ಟಿ ಹಂತಿ ತುಳಿಸುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಟಿಯ ಪಕ್ಕದ ಮುದಿ ಎತ್ತು ನಿಂತಲ್ಲೇ ಕಾಲು ಎತ್ತಿಡುತ್ತದೆ, ಹೊರಗಿನ ಹೋರಿ ದಾಪುಗಾಲು ಹಾಕುತ್ತದೆ. ಹಗ್ಗ ಒಂದೇ, ನಡಿಗೆ ಬೇರೆ. ಆ ಹಗ್ಗದ ಕೆಲಸವನ್ನು ಗಾಡಿಯಲ್ಲಿ ಮಾಡುವುದು ಡಿಫರೆನ್ಷಿಯಲ್. 1828ರಷ್ಟು ಹಿಂದೆಯೇ ಫ್ರಾನ್ಸಿನ ಒನೆಸಿಫೋರ್ ಪೆಕರ್ ಇದಕ್ಕೆ ಪೇಟೆಂಟ್ ಪಡೆದಿದ್ದ.

ಗ್ಯಾರೇಜಿನಲ್ಲಿ ಅದನ್ನು 'ಹೌಸಿಂಗ್' ಅಂತಲೇ ಕರೆಯುವುದು ರೂಢಿ. ಹಿಂದಿನ ಎರಡು ಚಕ್ರಗಳ ನಡುವೆ ದಪ್ಪಗೆ ಗಡಿಗೆಯಂತೆ ಕಾಣುವುದೇ ಅದು. ಅದರೊಳಗೆ ಕ್ರೌನ್, ಪಿನಿಯನ್, ಸ್ಟಾರ್ ಗೇರುಗಳು. ಎಂಜಿನ್ನಿನ ತಿರುಚು ಬಲ 200 ನ್ಯೂಟನ್ ಮೀಟರ್ ಅಂದುಕೊಳ್ಳಿ. ಮೊದಲ ಗೇರಿನಲ್ಲಿ ಅದು ನಾಲ್ಕು ಪಟ್ಟು, ಕ್ರೌನ್ ಪಿನಿಯನ್ನಿನಲ್ಲಿ ಮತ್ತೆ ನಾಲ್ಕೂವರೆ ಪಟ್ಟು ಆದರೆ 3,600ಕ್ಕೆ ಏರುತ್ತದೆ. ಇಷ್ಟನ್ನೂ ಹೆಬ್ಬೆರಳಿಗಿಂತ ಕೊಂಚ ದಪ್ಪದ ಎರಡು ಉಕ್ಕಿನ ಸರಳುಗಳು ಹಂಚಿಕೊಂಡು ತಡೆಯಬೇಕು.

ದೊಡ್ಡ ಲಾರಿಗೂ ಸಣ್ಣ ಗಾಡಿಗಳಿಗೂ ಇಲ್ಲಿ ಒಂದು ವ್ಯತ್ಯಾಸವಿದೆ. ಲಾರಿಯಲ್ಲಿ ಚಕ್ರದ ಹಬ್ಬು ಹೌಸಿಂಗಿನ ಮೇಲೆಯೇ ಬೇರಿಂಗ್ ಹಾಕಿಕೊಂಡು ಕೂತಿರುತ್ತದೆ. ಒಳಗಿನ ಆಕ್ಸಲ್ಲಿಗೆ ಚಕ್ರ ತಿರುಗಿಸುವ ಕೆಲಸವಷ್ಟೇ, ಭಾರ ಹೊರುವ ಕೆಲಸವಿಲ್ಲ. ಅದು ಮುರಿದರೆ ಲಾರಿ ನಿಲ್ಲುತ್ತದೆ, ಚಕ್ರ ಕಳಚುವುದಿಲ್ಲ. ಹಗುರ ಗಾಡಿಗಳಲ್ಲಿ ಹಲವಕ್ಕೆ ಸೆಮಿ ಫ್ಲೋಟಿಂಗ್ ಅನ್ನುವ ಏರ್ಪಾಡು. ಅಲ್ಲಿ ತಿರುಗಿಸುವುದೂ ಅದೇ ಸರಳು, ಹೊರುವುದೂ ಅದೇ ಸರಳು. ಮುರಿದರೆ ಚಕ್ರ ತುಂಡಿನ ಸಮೇತ ಆಚೆ. ಬ್ರೇಕ್ ಡ್ರಮ್ಮೂ ಅದರ ಹಿಂದೆಯೇ. ಆ ಹುಡುಗ ಬದುಕಿದ್ದು ಗಾಡಿ ನಿಧಾನ ಇದ್ದದ್ದರಿಂದ.

ಈಗ ಖಾಲಿ ಗಾಡಿಯ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದ್ದು ರೈಲಿನಿಂದ. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಮರಳುತ್ತಿದ್ದ ರೈಲಿನ ಮುಂದಿನ ಎಂಜಿನ್ನಿನ ಅಚ್ಚು ಮುರಿಯಿತು. ಬೋಗಿಗಳ ಬಾಗಿಲಿಗೆ ಬೀಗ ಹಾಕಿದ್ದರು. ಬೆಂಕಿಯಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ವರ್ಷಗಟ್ಟಲೆ ಸರಾಗ ಓಡಿದ ಅಚ್ಚು ಒಂದು ದಿನ ಇದ್ದಕ್ಕಿದ್ದಂತೆ ಮುರಿಯುವುದೇಕೆ ಅನ್ನುವುದು ಆಗ ಒಗಟು. ಮರುವರ್ಷ ರ‍್ಯಾಂಕಿನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರ್ ಮುರಿದ ಅಚ್ಚುಗಳನ್ನು ಪರೀಕ್ಷಿಸಿ, ಸರಳು ದಪ್ಪದಿಂದ ಸಣ್ಣಕ್ಕೆ ಇಳಿಯುವ ಮೂಲೆಯಲ್ಲಿ ಬಿರುಕು ಹುಟ್ಟಿ ಒಳಗೊಳಗೇ ಬೆಳೆಯುತ್ತದೆ ಎಂದು ತೋರಿಸಿದ. ಜರ್ಮನಿಯ ಆಗಸ್ಟ್ ವೋಲರ್ ಮುಂದೆ ವರ್ಷಗಟ್ಟಲೆ ರೈಲಿನ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಮುರಿದ. ಒಂದೇ ಸಲಕ್ಕೆ ಮುರಿಯಲಾಗದ ಭಾರ ಲಕ್ಷಾಂತರ ಸಲ ಬಂದು ಹೋದರೆ ಮುರಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತಂದ. ಉಕ್ಕೂ ದಣಿಯುತ್ತದೆ. ಬಿರುಕು ಬಿಟ್ಟದ್ದು ಜೂನ್ ತಿಂಗಳ ಟೊಮೆಟೊಗೆ ಇರಬಹುದು, ಮುರಿದದ್ದು ನವೆಂಬರಿನ ಖಾಲಿ ಗಾಡಿಗೆ.

ಹಾಗಾಗಿ ಆ ಮುರಿದ ಮುಖವೇ ಸಾಕ್ಷಿ. ದಣಿದು ಮುರಿದ ಆಕ್ಸಲ್ಲಿನ ಮುಖದಲ್ಲಿ ನಯವಾದ ಒಂದು ಭಾಗವಿರುತ್ತದೆ. ಅದರಲ್ಲಿ ಬಿಲ್ಲಿನಂಥ ಗೆರೆಗಳು, ಬೇಸಿಗೆಯಲ್ಲಿ ನಮ್ಮ ಕೆರೆಗಳ ನೀರು ಇಳಿದಂತೆಲ್ಲ ದಡದಲ್ಲಿ ಗೆರೆ ಉಳಿಯುತ್ತದಲ್ಲ, ಹಾಗೆ. ಒಂದೊಂದು ಗೆರೆಯೂ ಬಿರುಕು ಒಂದಷ್ಟು ಮುಂದೆ ಬಂದು ನಿಂತ ಗುರುತು. ಕೊನೆಗೆ ಉಳಿದ ಚೂರು ಒರಟಾಗಿ, ಕಲ್ಲುಸಕ್ಕರೆ ಒಡೆದಂತೆ ಇರುತ್ತದೆ. ಒಂದೇ ಏಟಿಗೆ ತಿರುಚಿ ಮುರಿದದ್ದಾದರೆ ಈ ಗೆರೆಗಳು ಇರುವುದಿಲ್ಲ. ಎಣ್ಣೆ ಬತ್ತಿ ಸುಟ್ಟದ್ದಾದರೆ ಗೇರಿನ ಹಲ್ಲು ನೀಲಿಗಟ್ಟಿರುತ್ತದೆ. ಒಂದೇ ಕಡೆ ಪದೇ ಪದೇ ಮುರಿಯುತ್ತಿದ್ದರೆ ಹೌಸಿಂಗೇ ಬಗ್ಗಿರಬಹುದು, ಅಥವಾ ಆ ಕಡೆಯ ಬೇರಿಂಗ್ ಕೂರುವ ಜಾಗ ಸವೆದಿರಬಹುದು. ಬಗ್ಗಿದ ಹೌಸಿಂಗಿಗೆ ಎಷ್ಟು ಒಳ್ಳೆಯ ಆಕ್ಸಲ್ ಹಾಕಿದರೂ ಅದು ಪ್ರತಿ ಸುತ್ತಿಗೂ ಒಂದು ಸಲ ಬಾಗಿ ಏಳುತ್ತದೆ. ಕಿಲೋಮೀಟರಿಗೆ ಐನೂರು ಸುತ್ತಿಗೆ ಹತ್ತಿರ. ಲಕ್ಷ ತುಂಬಲು ಎಷ್ಟು ದಿನ ಬೇಕು?

ಹೌಸಿಂಗ್ ಬಗ್ಗಿಸುವುದರಲ್ಲಿ ಓವರ್‌ಲೋಡಿನ ಪಾಲು ಇದ್ದೇ ಇದೆ. ಆದರೆ ಒಬ್ಬನೇ ಅಪರಾಧಿಯಲ್ಲ. ನಮ್ಮ ಕಡೆ ಹೊಸ ಪಿಕಪ್ ಬಂದ ವಾರದಲ್ಲೇ ಹಿಂದಿನ ಸ್ಪ್ರಿಂಗಿಗೆ ಎರಡು ಎಕ್ಸ್‌ಟ್ರಾ ಪ್ಲೇಟ್ ಹಾಕಿಸುತ್ತಾರೆ. ಗಾಡಿ ಕುಗ್ಗುವುದಿಲ್ಲ, ನೋಡಿದವರಿಗೆ ಲೋಡು ಜಾಸ್ತಿ ಅನಿಸುವುದೂ ಇಲ್ಲ. ಪ್ಲೇಟು ಗಟ್ಟಿಯಾಯಿತೇ ಹೊರತು ಆಕ್ಸಲ್ ಗಟ್ಟಿಯಾಗಲಿಲ್ಲ. ಮೊದಲು ಕುಗ್ಗಿ "ಸಾಕು" ಅನ್ನುತ್ತಿದ್ದ ಗಾಡಿಯ ಬಾಯನ್ನು ನಾವೇ ಹೊಲಿದೆವು, ಅಷ್ಟೆ. ಇನ್ನು ತೋಟದ ಕೆಸರು. ಒಂದು ಚಕ್ರ ಗಾಳಿಗೆ ತಿರುಗಿದಂತೆ ತಿರುಗುತ್ತಿರುವಾಗ ಆಕ್ಸಿಲರೇಟರ್ ಒತ್ತಿ ಹಿಡಿದರೆ, ಅದು ತಟ್ಟನೆ ಗಟ್ಟಿ ನೆಲಕ್ಕೆ ಸಿಕ್ಕಿದ ಗಳಿಗೆಯಲ್ಲಿ ಬೀಳುವ ಏಟು ಮಾಲಿನ ತೂಕವನ್ನು ಕೇಳುವುದಿಲ್ಲ. ಹಿಂದಿನ ಒಂದು ಟೈರು ಹೊಸದು, ಇನ್ನೊಂದು ಸವೆದು ಸಣ್ಣಗಾದದ್ದು ಇದ್ದರೆ ನೇರ ರಸ್ತೆಯಲ್ಲೂ ಸ್ಟಾರ್ ಗೇರುಗಳಿಗೆ ವಿರಾಮವಿಲ್ಲ.

ಹೊಂಡಗಳನ್ನು ಮರೆಯಬೇಡಿ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ ಎರಡು ವರ್ಷ ಲಾರಿಗಳನ್ನು ಓಡಿಸಿಯೇ ಓಡಿಸಿ ಒಂದು ಪರೀಕ್ಷೆ ಮಾಡಿದರು. ಒಂದು ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಹೆಚ್ಚುಕಡಿಮೆ ಹದಿನಾರು ಪಟ್ಟು ಎಂಬ ಲೆಕ್ಕ ಅದರಿಂದ ಬಂತು. ನಮ್ಮ ಊರ ರಸ್ತೆಗಳಲ್ಲಿ ಆ ಹದಿನಾರು ಪಟ್ಟು ಹಾನಿ ಮಾಡುವುದು ಕ್ರಷರ್‌ಗಳ ಟಿಪ್ಪರ್. ಆ ಹೊಂಡಕ್ಕೆ ಬಿದ್ದು ಆಕ್ಸಲ್ ಕಳೆದುಕೊಳ್ಳುವುದು ಪಿಕಪ್.

ಎಣ್ಣೆಯ ವಿಷಯಕ್ಕೆ ಬರುತ್ತೇನೆ, ಇದು ನನಗೆ ಹೆಚ್ಚು ಸಿಟ್ಟು ತರಿಸುವ ಸಂಗತಿ. ನಮ್ಮ ತಾತ ಗಾಡಿಯ ಕೆಳಗೆ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ತೂಗುಹಾಕಿರುತ್ತಿದ್ದರು. ಹುಲ್ಲು ಸುಟ್ಟ ಕರಿಗೆ ಹರಳೆಣ್ಣೆ ಕಲಸಿದ್ದು. ದೂರದ ಸಂತೆಗೆ ಹೊರಟರೆ ಮೊದಲು ಚಕ್ರಕ್ಕೆ ಎಣ್ಣೆ, ಆಮೇಲೆ ಎತ್ತಿಗೆ ನೀರು, ಕೊನೆಗೆ ತಮಗೆ ಮುದ್ದೆ. ಇಂದಿನ ಹೌಸಿಂಗಿಗೆ ಬೇಕಾದ್ದು ಎರಡು ಲೀಟರಿನ ಆಸುಪಾಸು ಎಣ್ಣೆ. ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂರುವ ಹೈಪಾಯ್ಡ್ ಜೋಡಣೆಯಲ್ಲಿ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಉಜ್ಜಿಕೊಂಡು ಜಾರುತ್ತವೆ. ಡಬ್ಬಿಯ ಮೇಲೆ ಜಿಎಲ್-5 ಎಂದು ಬರೆದ ಎಣ್ಣೆಯನ್ನೇ ಸಾಮಾನ್ಯವಾಗಿ ಇದಕ್ಕೆ ಹೇಳುವುದು. ನಮ್ಮಲ್ಲಿ ಎಂಜಿನ್ ಆಯಿಲ್ ಮಿಕ್ಕಿದ್ದನ್ನೇ ಸುರಿದದ್ದನ್ನು ನೋಡಿದ್ದೇನೆ. ಹೌಸಿಂಗಿನ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಗಂಡಿ ಇರುತ್ತದೆ. ಅದಕ್ಕೆ ಕೆಸರು ಮೆತ್ತಿದರೆ ಒಳಗೆ ಬಿಸಿಗಾಳಿ ಒತ್ತಿ ಆಯಿಲ್ ಸೀಲ್ ಒಡೆಯುತ್ತದೆ, ಎಣ್ಣೆ ಬ್ರೇಕ್ ಲೈನರಿಗೆ ಇಳಿಯುತ್ತದೆ. ಬಿಸಿಯಾದ ಹೌಸಿಂಗ್ ಹಳ್ಳದ ನೀರಿಗೆ ಇಳಿದರೆ ಒಳಕ್ಕೆ ನೀರು ಹೀರಿಕೊಂಡು ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ದಶರಥನ ರಥದ ಕಡಾಣಿ ಕಳಚಿದಾಗ ಕೈಕೇಯಿ ಬೆರಳು ಕೊಟ್ಟ ಕಥೆ ನಮ್ಮ ಹರಿಕಥೆಯವರಿಗೆ ಬಲು ಪ್ರಿಯ. ಒಂದು ಕಡಾಣಿ ನೋಡಿಕೊಳ್ಳದ ತಪ್ಪಿಗೆ ಅವನು ಕೊಟ್ಟ ಬೆಲೆ ಎಷ್ಟೆಂದು ಎಲ್ಲರಿಗೂ ಗೊತ್ತು.

ಇಷ್ಟು ಕಾರಣಗಳಿದ್ದೂ ಎಲ್ಲಕ್ಕೂ ಒಂದೇ ಹೆಸರು ಏಕೆ? ಓವರ್‌ಲೋಡ್ ಅಂದುಬಿಟ್ಟರೆ ಎಲ್ಲರಿಗೂ ಅನುಕೂಲ, ಗಾಡಿಯವನೊಬ್ಬನನ್ನು ಬಿಟ್ಟು. ವಾರಂಟಿ ಕೊಡಬೇಕಾದವರು ಪಾರು. ವಿಮೆಯವರು ಮೊದಲೇ ಪಾರು, ಯಾಂತ್ರಿಕ ಮುರಿತಕ್ಕೂ ಸವೆತಕ್ಕೂ ಮಾಮೂಲಿ ಪಾಲಿಸಿಯಲ್ಲಿ ಹಣವಿಲ್ಲ. ತುಂಬಿಸಿದವರು ಯಾರೆಂದು ಯಾರೂ ಕೇಳುವುದಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ, ಮೇಲೆ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಓಡಿಸಿದವರಿಗೆ ಮಾತ್ರವಲ್ಲ, ಓಡಿಸುವಂತೆ ಮಾಡಿದವರಿಗೂ ಅನ್ವಯ ಎಂದು ಆ ಕಲಮೇ ಹೇಳುತ್ತದೆ. ಮಾಲು ತುಂಬಿಸಿದವರಿಗೆ ದಂಡ ಬಿದ್ದದ್ದನ್ನು ನಾನಂತೂ ಕಂಡಿಲ್ಲ.

ಅದೇ ತಿದ್ದುಪಡಿ 110ಎ ಎಂಬ ಇನ್ನೊಂದು ಕಲಮನ್ನೂ ತಂದಿತು. ನಿಗದಿತ ಪ್ರಮಾಣದ ಮಾಲೀಕರು ಒಂದೇ ದೋಷದ ಬಗ್ಗೆ ದೂರಿದರೆ ಆ ಮಾದರಿಯ ಗಾಡಿಗಳನ್ನು ವಾಪಸ್ ಕರೆಸಿ ಸರಿಪಡಿಸುವಂತೆ ಕೇಂದ್ರ ಸರ್ಕಾರ ತಯಾರಕರಿಗೆ ಆದೇಶಿಸಬಹುದು. 2021ರ ಏಪ್ರಿಲ್‌ನಿಂದ ನಿಯಮ ಜಾರಿಯಲ್ಲಿದೆ, ಏಳು ವರ್ಷದೊಳಗಿನ ಗಾಡಿಗಳಿಗೆ. ಕಾನೂನು ಇದೆ, ದೂರು ಎಲ್ಲಿ? ಗ್ಯಾರೇಜಿನ ನೆಲದ ಮೇಲೆ ಮುಗಿದ ಕಥೆಗೆ ದಾಖಲೆ ಇರುವುದಿಲ್ಲ.

ಅಮೆರಿಕದಲ್ಲಿ ಭಾರ ಹಾಕುವವರು ಕಡಿಮೆಯೇನಲ್ಲ. ಆದರೂ 2013ರಲ್ಲಿ ಕ್ರೈಸ್ಲರ್ ಕಂಪನಿ ರಾಮ್, ಡಕೋಟ ಪಿಕಪ್‌ಗಳೂ ಸೇರಿ ಸುಮಾರು 2.78 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿತು. ಕಾರಣ ಹಿಂದಿನ ಆಕ್ಸಲ್ಲಿನ ಪಿನಿಯನ್ ನಟ್ ಸಡಿಲವಾಗುವುದು. ಒಂದು ನಟ್! 2023ರ ಕೊನೆಗೆ ಫೋರ್ಡ್ ಕಂಪನಿ ಎಫ್-150 ಪಿಕಪ್‌ಗಳಲ್ಲಿ 1,12,965ನ್ನು ಕರೆಸಿದ್ದು ಹಿಂದಿನ ಆಕ್ಸಲ್ಲಿನ ಹಬ್ ಬೋಲ್ಟ್ ದಣಿದು ಮುರಿಯಬಹುದು ಎಂಬ ಕಾರಣಕ್ಕೆ. ಅಲ್ಲಿ ಯಾವ ಮಾಲೀಕ ಬೇಕಾದರೂ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆಗೆ ದೂರು ಬರೆಯಬಹುದು, ಅದನ್ನು ಉಳಿದವರೂ ಓದಬಹುದು. ನಿಮ್ಮದೂ ಎಡಗಡೆಯೇ ಮುರಿಯಿತಾ ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳಲು ದಾರಿ ಇದೆ.

ಗಾಡಿಯವರಲ್ಲಿ ನನ್ನ ವಿನಂತಿ ಇಷ್ಟೇ. ಮುರಿದ ಆಕ್ಸಲ್ ತುಂಡನ್ನು ಗುಜರಿಗೆ ಹಾಕಬೇಡಿ. ಮುಖಕ್ಕೆ ಗ್ರೀಸ್ ಬಳಿದು, ಗೋಣಿಯಲ್ಲಿ ಸುತ್ತಿಡಿ. ಮುರಿದ ದಿನ, ಓಡಿದ ಕಿಲೋಮೀಟರ್, ಯಾವ ಕಡೆ, ಅವತ್ತು ಎಷ್ಟು ಬಾಕ್ಸ್ ಎಂದು ಒಂದು ಚೀಟಿ ಕಟ್ಟಿ. ಬಾಕ್ಸಿನ ಲೆಕ್ಕವನ್ನು ಸುಳ್ಳು ಬರೆಯಬೇಡಿ. ಹೊಟ್ಟೆಪಾಡಿಗೆ ಸ್ವಂತ ದುಡಿಮೆಗಾಗಿಯೇ ಗಾಡಿ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಗ್ರಾಹಕರೇ. ಜಿಲ್ಲಾ ಆಯೋಗ ಬೇಕೆಂದರೆ ಆ ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ತುಂಡೇ ಇಲ್ಲದಿದ್ದರೆ ಏನನ್ನು ಕಳಿಸುತ್ತಾರೆ? ಮೆಕ್ಯಾನಿಕ್ ಅಣ್ಣಂದಿರು ಎಷ್ಟು ಬಾಕ್ಸ್ ಎಂದು ಕೇಳಿದ ಮೇಲೆ, ಹಿಂದಿನ ಸಲ ಯಾವ ಕಡೆ ಎಂದೂ ಒಂದು ಮಾತು ಕೇಳಲಿ.

ಮೊನ್ನೆ ಆ ಹುಡುಗನಿಗೆ ಫೋನ್ ಮಾಡಿದ್ದೆ. ಹೌಸಿಂಗ್ ಇಳಿಸಿ ನೇರ ಇದೆಯಾ ಅಂತ ಅಳೆಸಿದೆಯಾ ಎಂದು ಕೇಳಿದೆ. "ಗಾಡಿ ಒಂದು ದಿನ ನಿಲ್ಲಬೇಕಲ್ಲ ಸಾರ್, ಸೀಸನ್ ಮುಗೀಲಿ" ಅಂದ. ಹಿಂದೆ ಯಾರೋ ಬಾಕ್ಸ್ ಎಣಿಸುತ್ತಿದ್ದರು. ನೂರಾ ನಲವತ್ತು ದಾಟಿತ್ತು.