ಸಾವಿರ ಪ್ರತಿಗಳೂ ಒಂದು ಪೆಟ್ಟಿಗೆಯೂ

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಹಾರ್ಡ್ ಡಿಸ್ಕುಗಳ ವಿಚಾರವೇಕೆ ಎಂದು ಓದುಗರು ಕೇಳಬಹುದು. ನಾವು ಅಭ್ಯಾಸಮಾಡುವ ಮೌಖಿಕ ಸಾಹಿತ್ಯದ ಒಂದು ದೊಡ್ಡ ಪಾಲು ಈಗ ಮನೆಮನೆಯ ಕಂಪ್ಯೂಟರುಗಳನ್ನು ಸೇರುತ್ತಿರುವುದರಿಂದ ಈ ಪ್ರಶ್ನೆ ನಮ್ಮದೂ ಆಗಿದೆ. ಗೋವೆಯ ಫೋಂಡಾವನ್ನೇ ತೆಗೆದುಕೊಳ್ಳೋಣ. ಪಟ್ಟಣದಲ್ಲಿಯೂ ಸಮೀಪದ ಕುಂಡಯಿ, ಬೇತೋಡಾ ಕೈಗಾರಿಕಾ ಪ್ರದೇಶಗಳಲ್ಲಿಯೂ ದುಡಿಯಲು ಬಂದು ನೆಲೆಸಿದ ಕನ್ನಡ ಕುಟುಂಬಗಳು ಅನೇಕ. ಅವರು ಊರಿನಿಂದ ಬರುವಾಗ ಹೊತ್ತು ತಂದದ್ದರಲ್ಲಿ ಕ್ಯಾಸೆಟ್ಟುಗಳೂ ಇದ್ದವು: ತಾಳಮದ್ದಳೆ, ಸಣ್ಣಾಟ, ಗೀಗೀ ಪದ, ಅಜ್ಜಿಯ ಬೀಸುಕಲ್ಲಿನ ಹಾಡು, ಮದುವೆಯ ಸೋಬಾನೆ. ಕರಾವಳಿಯ ತೇವಕ್ಕೆ ಆ ಟೇಪುಗಳು ಬೂಷ್ಟು ಹಿಡಿಯುತ್ತಿವೆ. ಮಕ್ಕಳು ಅವನ್ನು ಕಂಪ್ಯೂಟರಿಗೆ ಇಳಿಸಲು ತೊಡಗಿರುವುದು ಸಂತೋಷದ ಸಂಗತಿ.

ಇಳಿಸಿದ್ದನ್ನು ಎಲ್ಲಿ ಇಡಬೇಕು ಎಂಬಲ್ಲಿ ಮಾತ್ರ ಒಂದು ಸಲಹೆ ಪದೇಪದೇ ಕಿವಿಗೆ ಬೀಳುತ್ತದೆ: ಹಾರ್ಡ್‌ವೇರ್ ರೇಡ್ ಕಾರ್ಡೊಂದನ್ನು ತಂದು, ನಾಲ್ಕು ಡಿಸ್ಕುಗಳನ್ನು ಜೋಡಿಸಿಬಿಟ್ಟರೆ ಎಲ್ಲವೂ ಸುರಕ್ಷಿತ ಎಂಬುದು. ರೇಡ್ ಒಳ್ಳೆಯ ವ್ಯವಸ್ಥೆಯೇ. ಆದರೆ ಅದು ಉತ್ತರಿಸುವ ಪ್ರಶ್ನೆ ಬೇರೆ, ಈ ಮನೆಗಳ ಪ್ರಶ್ನೆ ಬೇರೆ ಎಂಬುದು ನನ್ನ ಅಭಿಪ್ರಾಯ.

ರೇಡ್ ಎಂಬ ಕಲ್ಪನೆಗೆ ಹೆಸರು ಬಂದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ. ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು 1988ರಲ್ಲಿ ಪ್ರಕಟಿಸಿದ ಪ್ರಬಂಧದ ವಾದ ಇಷ್ಟು: ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಚಿಕ್ಕ ಡಿಸ್ಕುಗಳನ್ನು ಕೂಡಿಸಿ ಬಳಸಬಹುದು. ಡಿಸ್ಕುಗಳು ಹೆಚ್ಚಿದಂತೆ ಅವುಗಳಲ್ಲಿ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚುತ್ತದೆ. ಆದುದರಿಂದ ಒಂದು ಕೆಟ್ಟರೂ ಮಾಹಿತಿ ಉಳಿಯುವಂತೆ ಸ್ವಲ್ಪ ಹೆಚ್ಚುವರಿ ಬರಹವನ್ನು ಇಟ್ಟಿರಬೇಕು. ಮೊದಲನೆಯ ಮಟ್ಟದ ರೇಡ್‌ನಲ್ಲಿ ಒಂದು ಡಿಸ್ಕು ಇನ್ನೊಂದರ ಪಡಿಯಚ್ಚು. ಐದನೆಯ ಮಟ್ಟದಲ್ಲಿ ಉಪಾಯ ಹೆಚ್ಚು ಚತುರವಾದುದು. ಮೂರು ಸಂಖ್ಯೆಗಳನ್ನೂ ಅವುಗಳ ಮೊತ್ತವನ್ನೂ ಬರೆದಿಟ್ಟರೆ, ಒಂದು ಸಂಖ್ಯೆ ಅಳಿಸಿಹೋದರೂ ಉಳಿದವುಗಳಿಂದ ಅದನ್ನು ಲೆಕ್ಕಹಾಕಿ ಪಡೆಯಬಹುದಷ್ಟೆ, ತತ್ವ ಅದೇ. ನಾಲ್ಕು ಟೆರಾಬೈಟಿನ ನಾಲ್ಕು ಡಿಸ್ಕುಗಳನ್ನು ಹೀಗೆ ಕೂಡಿಸಿದರೆ ಬಳಕೆಗೆ 12 ಟೆರಾಬೈಟ್ ದೊರೆಯುತ್ತದೆ, ಒಂದು ಡಿಸ್ಕಿನ ನಷ್ಟವನ್ನು ಅದು ತಾಳಿಕೊಳ್ಳುತ್ತದೆ. ಆರನೆಯ ಮಟ್ಟದಲ್ಲಿ 8 ಟೆರಾಬೈಟ್ ಮಾತ್ರ ದೊರೆತರೂ ಎರಡು ಡಿಸ್ಕುಗಳ ನಷ್ಟವನ್ನು ತಾಳಬಲ್ಲುದು. ಸೊನ್ನೆಯ ಮಟ್ಟದ್ದು ಹೆಸರಿಗೆ ಮಾತ್ರ ರೇಡ್. ಅಲ್ಲಿ ಒಂದು ಡಿಸ್ಕು ಹೋದರೆ ಎಲ್ಲವೂ ಹೋದಂತೆ.

ಹಾರ್ಡ್‌ವೇರ್ ರೇಡ್‌ನಲ್ಲಿ ಈ ಲೆಕ್ಕವನ್ನೆಲ್ಲ ಪ್ರತ್ಯೇಕ ಕಾರ್ಡೊಂದು ತನ್ನದೇ ಪ್ರೊಸೆಸರಿನಿಂದ ಮಾಡುತ್ತದೆ. ಕಂಪ್ಯೂಟರಿಗೆ ಕಾಣುವುದು ಒಂದೇ ಒಂದು ದೊಡ್ಡ ಡಿಸ್ಕು. ಅನುಕೂಲವೇನೋ ನಿಜ, ಆದರೆ ಅದರ ಬೆನ್ನಿಗೆ ನಾಲ್ಕು ಕಷ್ಟಗಳಿವೆ. ಮೊದಲನೆಯದು, ಡಿಸ್ಕುಗಳ ಮೇಲೆ ಮಾಹಿತಿ ಹೇಗೆ ಹರಡಿದೆ ಎಂಬ ವಿವರವನ್ನು ಕಾರ್ಡು ಬಹುಮಟ್ಟಿಗೆ ತನ್ನದೇ ಲಿಪಿಯಲ್ಲಿ ಬರೆದಿಡುತ್ತದೆ. ಎಂಟು ವರ್ಷಗಳ ಮೇಲೆ ಕಾರ್ಡೇ ಕೆಟ್ಟರೆ, ಡಿಸ್ಕುಗಳು ಆರೋಗ್ಯವಾಗಿದ್ದರೂ ಅದೇ ವಂಶದ ಇನ್ನೊಂದು ಕಾರ್ಡನ್ನು ಹುಡುಕಿಕೊಂಡು ಅಲೆಯಬೇಕು. ಲಿನಕ್ಸ್‌ನಲ್ಲಿರುವಂತಹ ಸಾಫ್ಟ್‌ವೇರ್ ರೇಡ್‌ನಲ್ಲಿ ಈ ಪರಾಧೀನತೆ ಇಲ್ಲ. ಡಿಸ್ಕುಗಳನ್ನು ಬೇರೊಂದು ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿ ಓದಬಹುದು. ಎರಡನೆಯದು, ವೇಗಕ್ಕಾಗಿ ಕಾರ್ಡು ಬರಹವನ್ನು ಮೊದಲು ತನ್ನ ನೆನಪಿನಲ್ಲಿ ತಡೆದಿಟ್ಟುಕೊಳ್ಳುತ್ತದೆ. ಅದಕ್ಕೆ ಬ್ಯಾಟರಿಯ ಆಸರೆ ಇಲ್ಲದಿದ್ದರೆ, ಮಳೆಗಾಲದ ಸಂಜೆ ವಿದ್ಯುತ್ತು ಹೋದೊಡನೆ ತಡೆದಿಟ್ಟದ್ದೆಲ್ಲ ಮಾಯವಾಗುತ್ತದೆ. ಮೂರನೆಯದು, ಸಾಧಾರಣ ಡಿಸ್ಕು ಓದಲಾಗದ ಜಾಗವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತ ಬಹಳ ಹೊತ್ತು ಮೌನವಾಗಿರಬಲ್ಲುದು. ಕಾರ್ಡು ಅದನ್ನು ಸತ್ತಿತೆಂದು ಭಾವಿಸಿ ಹೊರಹಾಕುತ್ತದೆ. ಆದುದರಿಂದ ಇಂತಹ ಜೋಡಣೆಗೆಂದೇ ಮಾಡಿದ, ಬೇಗನೆ ಸೋಲೊಪ್ಪುವ ಡಿಸ್ಕುಗಳನ್ನೇ ಕೊಳ್ಳಬೇಕಾಗುತ್ತದೆ. ನಾಲ್ಕನೆಯದು, ಒಂದು ಡಿಸ್ಕು ಕೆಟ್ಟ ಮೇಲಿನ ಮರುನಿರ್ಮಾಣ. ನಮ್ಮ ಉದಾಹರಣೆಯ ಐದನೆಯ ಮಟ್ಟದಲ್ಲಿ ಆಗ ಉಳಿದ ಮೂರು ಡಿಸ್ಕುಗಳ 12 ಟೆರಾಬೈಟನ್ನೂ ತಪ್ಪಿಲ್ಲದೆ ಓದಬೇಕು. ಮನೆಬಳಕೆಯ ಅನೇಕ ಡಿಸ್ಕುಗಳಿಗೆ ತಯಾರಕರು ಕೊಡುವ ಭರವಸೆಯಾದರೋ ಸುಮಾರು 12.5 ಟೆರಾಬೈಟ್ ಓದಿಗೆ ಒಂದಕ್ಕಿಂತ ಹೆಚ್ಚು ತಪ್ಪಾಗದು ಎಂಬಷ್ಟೇ. ವಾಸ್ತವದಲ್ಲಿ ಡಿಸ್ಕುಗಳು ಇದಕ್ಕಿಂತ ಚೆನ್ನಾಗಿ ನಡೆದುಕೊಳ್ಳಬಹುದು, ಆದರೆ ಅಜ್ಜಿಯ ಧ್ವನಿಯನ್ನು ಅಂತಹ ಅಂಚಿನಲ್ಲಿ ನಿಲ್ಲಿಸುವುದು ವಿವೇಕವಲ್ಲ.

ಈ ನಾಲ್ಕನ್ನೂ ಹಣ ಮತ್ತು ಎಚ್ಚರಿಕೆಯಿಂದ ನಿವಾರಿಸಬಹುದು ಎಂದೇ ಇಟ್ಟುಕೊಳ್ಳೋಣ. ಆಗಲೂ ಮೂಲದ ಕೊರತೆ ಹಾಗೆಯೇ ಉಳಿಯುತ್ತದೆ. ರೇಡ್ ಡಿಸ್ಕಿನ ಸಾವನ್ನು ಮಾತ್ರ ಬಲ್ಲದು. ಮಗು ಅರಿಯದೆ ಒಂದು ಕಡತವನ್ನು ಅಳಿಸಿದರೆ ಅದು ಅದೇ ಕ್ಷಣದಲ್ಲಿ ಎಲ್ಲ ಡಿಸ್ಕುಗಳಿಂದಲೂ ಅಳಿಯುತ್ತದೆ. ಕಡತಗಳಿಗೆ ಬೀಗಹಾಕಿ ಹಣ ಕೇಳುವ ಕುತಂತ್ರಾಂಶ ಹೊಕ್ಕರೆ ಎಲ್ಲವಕ್ಕೂ ಒಟ್ಟಿಗೇ ಬೀಗ ಬೀಳುತ್ತದೆ. ಸಿಡಿಲು, ಕಳ್ಳತನ, ಮನೆಗೆ ನುಗ್ಗಿದ ನೀರು, ಇವು ಯಾವುವೂ ಡಿಸ್ಕುಗಳನ್ನು ಎಣಿಸಿ ಬರುವುದಿಲ್ಲ. ನಾಲ್ಕು ಡಿಸ್ಕುಗಳಿದ್ದರೂ ಪೆಟ್ಟಿಗೆ ಒಂದೇ, ಪ್ರತಿಯೂ ಒಂದೇ.

ಪ್ರತಿ ಎಂಬ ಮಾತಿಗೆ ಬಂದರೆ ನಮ್ಮ ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಾದುದು ಕಡಿಮೆ. ಗ್ರಂಥಸಂಪಾದನೆಯ ಪಾಠವೆಲ್ಲ ನಿಂತಿರುವುದು ಪ್ರತಿಗಳ ಮೇಲೆಯೇ. ಪೊನ್ನನು ಬರೆದ ಶಾಂತಿಪುರಾಣ ನಮಗೆ ದೊರೆತಿದೆ. ಅವನ ಭುವನೈಕರಾಮಾಭ್ಯುದಯ ದೊರೆತಿಲ್ಲ. ಒಂದನೆಯ ಗುಣವರ್ಮನ ಶೂದ್ರಕವೂ ಹರಿವಂಶವೂ ಇತರರು ಉದಾಹರಿಸಿದ ಪದ್ಯಗಳಲ್ಲಿ ಮಾತ್ರ ಇಣುಕುತ್ತವೆ. ದಾನಚಿಂತಾಮಣಿ ಅತ್ತಿಮಬ್ಬೆ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಕೃತಿ ಉಳಿದದ್ದಕ್ಕೆ ಅದೊಂದೇ ಕಾರಣವೆಂದು ಸಾಧಿಸಲು ಬಾರದು. ಆದರೂ ಆಕೆ ಸಾವಿರ ವರ್ಷಗಳ ಹಿಂದೆ ಗ್ರಹಿಸಿದ್ದನ್ನು ನಾವು ಮರೆಯಬಾರದು: ಒಂದು ಓಲೆಗಟ್ಟಿಗೆ ಎಷ್ಟೇ ಗಟ್ಟಿಯಾದ ಹಲಗೆ ಕಟ್ಟಿದರೂ ಅದು ಒಂದು ಓಲೆಗಟ್ಟೇ. ಊರೂರಿಗೆ ಚದುರಿದ ಪ್ರತಿಗಳನ್ನು ಒಂದು ಬೆಂಕಿ, ಒಂದು ಗೆದ್ದಲು ತಿಂದುಮುಗಿಸಲಾರದು.

ಸ್ಥಳಾಂತರದ ಪಾಠವನ್ನಂತೂ ಫೋಂಡಾದ ನೆಲವೇ ಹೇಳುತ್ತದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಆಳ್ವಿಕೆಯ ಪ್ರದೇಶದಲ್ಲಿ ದೇವಾಲಯಗಳು ಉರುಳತೊಡಗಿದಾಗ, ಭಕ್ತರು ಕುಶಸ್ಥಳಿಯ ಮಂಗೇಶನನ್ನು ಪ್ರಿಯೋಳಕ್ಕೂ ಕೇಳಶಿಯ ಶಾಂತಾದುರ್ಗೆಯನ್ನು ಕವಳೆಗೂ ಕೊಂಡೊಯ್ದರು. ಆಗ ಬಿಜಾಪುರದ ಆದಿಲಶಾಹಿಗೆ ಸೇರಿದ್ದ ಈ ಸೀಮೆ ಆ ಅಪಾಯದ ಎಲ್ಲೆಯಿಂದ ಹೊರಗಿತ್ತು. ಅವರು ಇದ್ದಲ್ಲೇ ಗೋಡೆಯನ್ನು ದಪ್ಪಮಾಡುತ್ತ ಕೂರಲಿಲ್ಲ. ಅಪಾಯ ಮುಟ್ಟದ ಇನ್ನೊಂದು ಸ್ಥಳವನ್ನು ಹುಡುಕಿದರು. ಕಾಪಾಡುವುದರಲ್ಲಿ ದೂರಕ್ಕೂ ಒಂದು ಬೆಲೆಯುಂಟು.

ಇನ್ನು ಗಾತ್ರದ ಲೆಕ್ಕ. ಧ್ವನಿ ಮತ್ತು ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಸೆಕೆಂಡಿಗೆ ಕನಿಷ್ಠ 48,000 ಮಾದರಿ, 24 ಬಿಟ್ ಗುಣಮಟ್ಟದಲ್ಲಿ ಧ್ವನಿಯನ್ನು ಇಳಿಸಿಡಲು ಸೂಚಿಸುತ್ತದೆ. ಅದರ ಇಮ್ಮಡಿಯಾದ 96,000 ಮಾದರಿಯಲ್ಲಿ ಇಳಿಸಿದರೂ ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಸುಮಾರು 2 ಗಿಗಾಬೈಟ್ ಸಾಕು. ಒಂದೊಂದು ಗಂಟೆಯ 100 ಕ್ಯಾಸೆಟ್ಟುಗಳು 210 ಗಿಗಾಬೈಟಿನೊಳಗೆ ಮುಗಿಯುತ್ತವೆ. ಮಿನಿ ಡಿವಿ ಟೇಪಿನ ವಿಡಿಯೊ ಗಂಟೆಗೆ ಸುಮಾರು 13 ಗಿಗಾಬೈಟ್. 50 ಗಂಟೆಗೆ 650. ಎಲ್ಲವೂ ಸೇರಿ ಒಂದು ಟೆರಾಬೈಟ್ ಆಗದು. ಅಂದರೆ ಮತ್ತೆ ದೊರೆಯಲಾರದ ವಸ್ತುವೆಲ್ಲ ಅಂಗೈಯಗಲದ ಒಂದು ಡಿಸ್ಕಿನಲ್ಲಿ ಹಿಡಿಸುತ್ತದೆ. ಹನ್ನೆರಡು ಟೆರಾಬೈಟನ್ನು ತುಂಬುವುದು ಸಾಮಾನ್ಯವಾಗಿ ಸಿನಿಮಾಗಳು. ಅವು ಹೋದರೆ ಮತ್ತೆ ತರಬಹುದು.

ಆದುದರಿಂದ ನನ್ನ ಸಲಹೆ ಹೀಗಿದೆ. ಕಾರ್ಡಿಗೆ ಕೊಡುವ ಹಣದಲ್ಲಿ ಎರಡು ಟೆರಾಬೈಟಿನ ಮೂರು ಸಾದಾ ಡಿಸ್ಕುಗಳನ್ನು, ಸಾಧ್ಯವಾದರೆ ಬೇರೆ ಬೇರೆ ತಯಾರಕರದನ್ನು, ಕೊಳ್ಳಬೇಕು. ಒಂದು ಫೋಂಡಾದ ಮನೆಯಲ್ಲಿ ಬಳಕೆಗಿರಲಿ. ಎರಡನೆಯದು ಅದೇ ಮನೆಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿ, ತಂತಿ ಬಿಚ್ಚಿದ ಸ್ಥಿತಿಯಲ್ಲಿರಲಿ. ಮೂರನೆಯದು ಮುಧೋಳದಲ್ಲೋ ಶಿರಸಿಯಲ್ಲೋ ಇರುವ ಅಣ್ಣನ ಮನೆಗೆ ಹೋಗಲಿ. ಪ್ರತಿಯೊಂದು ಧ್ವನಿಮುದ್ರಣದ ಜೊತೆಗೆ ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಹಂಚಲು ಅನುಮತಿ ಉಂಟೇ ಎಂಬುದನ್ನು ಕನ್ನಡದಲ್ಲಿ ಬರೆದಿಡಬೇಕು. ಹೆಸರಿಲ್ಲದ ಧ್ವನಿ ಅರ್ಧ ಕಳೆದುಹೋದ ಧ್ವನಿ. ಕಡತಗಳ ಚೆಕ್‌ಸಮ್ಮನ್ನೂ ಬರೆದಿಟ್ಟರೆ ಪ್ರತಿಗಳನ್ನು ತಾಳೆನೋಡಿ ಯಾವುದು ಕೆಟ್ಟಿದೆ ಎಂದು ಹೇಳಬಹುದು; ಪಾಠಾಂತರ ನೋಡುವ ಕೆಲಸವನ್ನೇ ಯಂತ್ರ ಮಾಡಿಕೊಡುತ್ತದೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಕುಂಕುಮ ಹಚ್ಚುವ ಮೊದಲು, ಮೂರನ್ನೂ ಅವು ಇರುವಲ್ಲಿಯೇ ತೆರೆದು ನೋಡುವ ರೂಢಿಯಿರಲಿ.

ಕ್ಲೌಡ್ ಇದೆಯಲ್ಲ ಎಂದು ಕೆಲವರು ಹೇಳಬಹುದು. ಒಂದು ಪ್ರತಿಯಾಗಿ ಅದು ಸ್ವಾಗತಾರ್ಹ. ಆದರೆ ಬಾಡಿಗೆ ನಿಂತರೆ, ಅಥವಾ ಗುಪ್ತಪದ ಬಲ್ಲವರು ತೀರಿಕೊಂಡರೆ, ಮಕ್ಕಳಿಗೆ ಅದರ ಬಾಗಿಲು ತೆರೆಯುವುದು ಕಷ್ಟ. ರೇಡ್‌ಗೂ ಅದರದೇ ಸ್ಥಾನವಿದೆ: ಡಿಸ್ಕು ಕೆಟ್ಟರೂ ಕೆಲಸ ನಿಲ್ಲಬಾರದ ಕಚೇರಿ, ಸ್ಟುಡಿಯೊಗಳಿಗೆ ಅದು ಬೇಕು. ಮನೆಯಲ್ಲಿಯೂ ಇಟ್ಟುಕೊಳ್ಳುವವರು ಬ್ಯಾಟರಿಯಿರುವ ಕಾರ್ಡು, ಯುಪಿಎಸ್, ಆರನೆಯ ಮಟ್ಟ, ಡಿಸ್ಕು ಕೆಟ್ಟೊಡನೆ ತಿಳಿಸುವ ಎಚ್ಚರಿಕೆ, ತಿಂಗಳಿಗೊಮ್ಮೆ ಪೂರ್ಣ ತಪಾಸಣೆ ಇಷ್ಟನ್ನು ಮರೆಯದಿರಲಿ. ಹೊರಗಿನ ಎರಡು ಪ್ರತಿಗಳನ್ನು ಮಾಡಿದ ಮೇಲೆಯೇ ಅದಕ್ಕೆ ಕೈಹಾಕಲಿ.

ನಮ್ಮ ವಿಭಾಗಗಳಿಗೂ ಇಲ್ಲಿ ಒಂದು ಕರ್ತವ್ಯವಿದೆ. ಜಾನಪದ ಪತ್ರಿಕೆಯ ಕ್ಷೇತ್ರಕಾರ್ಯಕ್ಕೆಂದು ವಿದ್ಯಾರ್ಥಿಗಳು ಪ್ರತಿವರ್ಷ ಹಾಡು, ಕಥೆಗಳನ್ನು ಮುದ್ರಿಸಿಕೊಂಡು ಬರುತ್ತಾರೆ. ಅಂಕ ಬಂದ ಮೇಲೆ ಅವು ಮೊಬೈಲಿನಲ್ಲಿಯೇ ಉಳಿದು, ಮೊಬೈಲಿನೊಡನೆಯೇ ಹೋಗುತ್ತವೆ. ಹಾಡಿದವರ ಒಪ್ಪಿಗೆ ಪಡೆದು, ವಿಭಾಗದಲ್ಲೊಂದು, ಗ್ರಂಥಾಲಯದಲ್ಲೊಂದು, ಹಾಡಿದವರ ಮನೆಯಲ್ಲೊಂದು ಪ್ರತಿಯನ್ನು ಇಡುವ ಪದ್ಧತಿಯನ್ನು ಈ ವರ್ಷದಿಂದಲೇ ಆರಂಭಿಸಬಹುದು. ಇದಕ್ಕೆ ವಿಶೇಷ ಅನುದಾನ ಬೇಡ, ತಜ್ಞರೂ ಬೇಡ. ಮೂರು ಡಿಸ್ಕು, ಒಂದು ದಾಖಲೆ ಪುಸ್ತಕ, ಅದನ್ನು ನೋಡಿಕೊಳ್ಳುವ ಒಬ್ಬರು ಅಧ್ಯಾಪಕರು ಇದ್ದರೆ ಸಾಕು.