ದಾರಿಗೆ ಬಿಟ್ಟ ಜಾಗ ದಂಡವಲ್ಲ

ತನ್ನ ಈಗಿನ ಕಣವೇಗವರ್ಧಕವಾದ ಎಲ್‌ಎಚ್‌ಸಿಯ ನಂತರದ ಕಾಲಕ್ಕೆಂದು ಜಿನೀವಾದ ಸರ್ನ್ ಸಂಸ್ಥೆ ಎಫ್‌ಸಿಸಿ ಎಂಬ ಇನ್ನೊಂದನ್ನು ಯೋಜಿಸಿದೆ. ಅದರ ಸುರಂಗದ ಸುತ್ತಳತೆ 90.7 ಕಿ.ಮೀ., ಒಳವ್ಯಾಸ 5.5 ಮೀಟರ್. ಇದರಲ್ಲಿ ಓಡಾಟಕ್ಕೆ, ಸಾಗಣೆಗೆ, ಹೊಗೆ ಹೊರಹಾಕಲು ಇಷ್ಟೊಂದು ಜಾಗ ಬಿಡುವುದು ಹಣ ಪೋಲು ಮಾಡಿದಂತೆ ಎನ್ನುವವರಿದ್ದಾರೆ. ಅವರ ವಾದಗಳನ್ನು ಒಂದೊಂದಾಗಿ ನೋಡೋಣ.

‘ಬೀಮ್ ಇರುವಾಗ ಒಳಗೆ ಯಾರೂ ಇರುವುದಿಲ್ಲ, ದಾರಿ ಯಾರಿಗೆ?’

ಬೀಮ್, ಅಂದರೆ ಕಣಗಳ ಪ್ರವಾಹ, ಇರುವಾಗ ಯಾರೂ ಇರುವುದಿಲ್ಲ, ನಿಜ. ಒಳಹೋದವರು ಒಯ್ದ ಕೀಲಿಗಳೆಲ್ಲ ಮರಳಿ ಬಾರದೆ ಎಲ್‌ಎಚ್‌ಸಿಯಲ್ಲಿ ಬೀಮ್ ಬಿಡುವುದೇ ಇಲ್ಲ. ಆದರೆ ಬೀಮ್ ನಿಂತಿತೆಂದರೆ ಅಪಾಯವೂ ನಿಂತಿತು ಎಂದಲ್ಲ. 2008ರ ಸೆಪ್ಟೆಂಬರ್ 19ರಂದು ಅಲ್ಲಿ ಅನಾಹುತವಾದಾಗ ಬೀಮ್ ಇರಲಿಲ್ಲ, ಮ್ಯಾಗ್ನೆಟ್‌ಗಳಿಗೆ ವಿದ್ಯುತ್ ಏರಿಸಿ ಪರೀಕ್ಷಿಸಲಾಗುತ್ತಿತ್ತು. ಎರಡು ಮ್ಯಾಗ್ನೆಟ್‌ಗಳ ನಡುವಿನ ವಿದ್ಯುತ್ ಜೋಡಣೆಯೊಂದು ಕೆಟ್ಟು, ಮ್ಯಾಗ್ನೆಟ್‌ಗಳನ್ನು ತಣ್ಣಗಿಡುವ ಸುಮಾರು 6 ಟನ್ ಹೀಲಿಯಂ ಹೊರನುಗ್ಗಿತು. ಭಾರಿ ಮ್ಯಾಗ್ನೆಟ್‌ಗಳೇ ತಮ್ಮ ಜಾಗ ಬಿಟ್ಟು ಸರಿದವು. ಒಳಗೆ ಯಾರೂ ಇಲ್ಲದ್ದರಿಂದ ಜೀವಹಾನಿಯಾಗಲಿಲ್ಲ. ಸುರಂಗ ಜನರಿಂದ ತುಂಬುವುದು ಯಂತ್ರ ನಿಂತಾಗ, ದುರಸ್ತಿಯ ತಿಂಗಳುಗಳಲ್ಲಿ. ದಾರಿ ಬೇಕಿರುವುದು ಆಗಲೇ.

‘ಎಲ್‌ಎಚ್‌ಸಿಗೆ 3.8 ಮೀಟರ್ ಸಾಕಾಯಿತಲ್ಲ?’

ಆ ಅಳತೆ ಎಲ್‌ಎಚ್‌ಸಿಗೆಂದು ಆರಿಸಿದ್ದಲ್ಲ. ಎಲ್‌ಇಪಿ ಎಂಬ ಹಿಂದಿನ ಯಂತ್ರಕ್ಕೆ 1980ರ ದಶಕದಲ್ಲಿ ತೋಡಿದ ಸುರಂಗದಲ್ಲೇ ಅದನ್ನು ಹೊಂದಿಸಬೇಕಾಯಿತು. ಅಲ್ಲಿ 27 ಕಿ.ಮೀ.ಗೆ ಎಂಟು ಪ್ರವೇಶಸ್ಥಾನಗಳಿವೆ, ಅಂದರೆ ಸುಮಾರು ಮೂರೂಕಾಲು ಕಿ.ಮೀ.ಗೊಂದು. ಎಫ್‌ಸಿಸಿಯಲ್ಲೂ ಎಂಟೇ, ಅಂತರ ಮಾತ್ರ ಹನ್ನೊಂದು ಕಿ.ಮೀ. ದಾಟುತ್ತದೆ. ನಡುವೆ ಸಿಕ್ಕಿಕೊಂಡವರು ಬಿರುಸಾಗಿ ನಡೆದರೂ ಹೊರದಾರಿಗೆ ಗಂಟೆ ಹಿಡಿಯುತ್ತದೆ. ಹೊಗೆ ಅಷ್ಟು ಹೊತ್ತು ಕಾಯದು. ಆದ್ದರಿಂದ ಅವರನ್ನು ಉಳಿಸುವ ಏರ್ಪಾಡು ಸುರಂಗದೊಳಗೇ ಇರಬೇಕು: ಕೆಲವು ನೂರು ಮೀಟರ್‌ಗೊಂದು ಬೆಂಕಿತಡೆ ಬಾಗಿಲು, ಮೇಲ್ಭಾಗದಲ್ಲಿ ಹೊಗೆ ಎಳೆಯುವ ನಾಳ, ತುರ್ತು ವಾಹನಕ್ಕೆ ಅಡ್ಡಿಯಿಲ್ಲದ ನೆಲ. ಇವೆಲ್ಲಕ್ಕೂ ಜಾಗ ಬೇಕು.

‘ಮೊದಲ ಹಂತದ ಯಂತ್ರದಲ್ಲಿ ಸುರಂಗದುದ್ದಕ್ಕೂ ದ್ರವ ಹೀಲಿಯಂ ಇರುವುದಿಲ್ಲವಲ್ಲ?’

ಇದು ತೂಕದ ವಾದ. ಎಫ್‌ಸಿಸಿಯ ಮೊದಲ ಹಂತವಾದ ಎಲೆಕ್ಟ್ರಾನ್–ಪಾಸಿಟ್ರಾನ್ ಯಂತ್ರದ ಬಹುಪಾಲು ಮ್ಯಾಗ್ನೆಟ್‌ಗಳಿಗೆ ಹೀಲಿಯಂ ಬೇಡ. ಆದರೆ ಅದೇ ಸುರಂಗದಲ್ಲಿ ಮುಂದೆ ಪ್ರೋಟಾನ್ ಯಂತ್ರ ಬರಬೇಕೆಂಬುದು ಯೋಜನೆ. ಅದಕ್ಕೆ ಅತಿವಾಹಕ ಮ್ಯಾಗ್ನೆಟ್‌ಗಳೂ ಹೀಲಿಯಮ್ಮೂ ಬೇಕೇ ಬೇಕು. ಯಂತ್ರ ಬದಲಿಸಬಹುದು, ಸುರಂಗದ ಗೋಡೆಯನ್ನು ಹಿಂದಕ್ಕೆ ಸರಿಸಲಾಗದು. ಅದಲ್ಲದೆ ಕೇಬಲ್‌ಗೆ ಬೆಂಕಿ ಹತ್ತುವ ಭಯ ಎರಡು ಹಂತದಲ್ಲೂ ಒಂದೇ.

‘ರೋಬಾಟ್‌ಗಳು ಮಾಡಲಿ.’

ಮಾಡಲಿ; ವಿಕಿರಣ ಉಳಿದ ಕಡೆ ಅವೇ ಹೋಗಬೇಕು. ಎಲ್‌ಎಚ್‌ಸಿಯಲ್ಲಿ ಚಾವಣಿಯ ಹಳಿಗೆ ತೂಗುಬಿದ್ದು ಸಾಗುತ್ತ ತಪಾಸಣೆ ನಡೆಸುವ ಯಂತ್ರ ಈಗಲೇ ಇದೆ. ಆದರೆ 2013ರಲ್ಲಿ ಶುರುವಾದ ದೀರ್ಘ ವಿರಾಮದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯುತ್ ಜೋಡಣೆಗಳನ್ನು ಬಲಪಡಿಸಲು ತಂಡತಂಡವಾಗಿ ಜನ ಇಳಿಯಬೇಕಾಯಿತು. ಮೇಲಾಗಿ ರೋಬಾಟ್‌ಗೂ ದಾರಿ ಬೇಡವೇ?

‘ಪ್ರತಿ ಸೆಂಟಿಮೀಟರಿಗೂ ದುಡ್ಡು.’

ಒಪ್ಪುತ್ತೇನೆ. ಹಾಗೆಂದೇ ನನ್ನ ವಾದ ಬರೀ ಅಗಲದ್ದಲ್ಲ, ಒಳಗಿನ ಜಾಗದ ಹಂಚಿಕೆಯದ್ದು. ಹ್ಯಾಂಬರ್ಗ್ ಬಳಿಯ ಯುರೋಪಿಯನ್ ಎಕ್ಸ್‌ಎಫ್‌ಇಎಲ್ ಎಂಬ ಎಕ್ಸ್-ರೇ ಲೇಸರ್ ಕೇಂದ್ರದಲ್ಲಿ ವೇಗವರ್ಧಕವನ್ನು ಚಾವಣಿಗೆ ತೂಗುಹಾಕಿ ನೆಲವನ್ನು ತೆರವಾಗಿ ಉಳಿಸಿಕೊಂಡರು. ಜಾಗ ಉಳಿಸುವ ಜಾಣ್ಮೆಗೆ ನನ್ನ ವಿರೋಧವಿಲ್ಲ. ಉಳಿದ ಜಾಗದಲ್ಲಿ ಮನುಷ್ಯನನ್ನು ತೂರಿಸುವ ಲೆಕ್ಕಕ್ಕೆ ಇದೆ. ನಕ್ಷೆಯಲ್ಲಿ ಮೊದಲು ಪಾರಾಗುವ ದಾರಿಯನ್ನೂ ವಾಹನದ ಗಾತ್ರವನ್ನೂ ಗೆರೆ ಎಳೆದು ಕಾಯ್ದಿರಿಸಿ. ಕೊಳವೆ, ಕೇಬಲ್ ತಟ್ಟೆ, ವಾಲ್ವ್ ಯಾವುದೂ ಆ ಗೆರೆ ದಾಟದಿರಲಿ. 2008ರ ಅನಾಹುತದ ಬಳಿಕ ಎಲ್‌ಎಚ್‌ಸಿಯಲ್ಲಿ ಮತ್ತೆ ಬೀಮ್ ಓಡಲು ವರ್ಷದ ಮೇಲೆ ಹಿಡಿಯಿತು. ದುಡ್ಡಿನ ಲೆಕ್ಕ ಹಾಕುವವರು ಆ ವರ್ಷವನ್ನೂ ಲೆಕ್ಕಕ್ಕೆ ಸೇರಿಸಲಿ.