ಮಾತ್ರೆಯ ಲೆಕ್ಕ ಬೇರೆ, ಮನೆತನದ ಲೆಕ್ಕ ಬೇರೆ

ಮುಟ್ಟು ನಿಂತ ಮೇಲೆ ಮೈ ಬಿಸಿಯೇರಿ, ಬೆವರಿ, ರಾತ್ರಿಯೆಲ್ಲ ನಿದ್ದೆಗೆಟ್ಟ ಹೆಂಗಸು ಹಾರ್ಮೋನ್ ಮಾತ್ರೆಯ ಮಾತೆತ್ತಿದರೆ ಡಾಕ್ಟರು ಕೇಳುತ್ತಾರೆ: ‘ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇತ್ತಾ?’ ಆಕೆ ತಾಯಿ, ದೊಡ್ಡಮ್ಮ, ಚಿಕ್ಕಮ್ಮಂದಿರನ್ನು ನೆನೆದು ‘ಇಲ್ಲ’ ಎನ್ನುತ್ತಾಳೆ. ಸೋದರತ್ತೆ ಸಣ್ಣ ವಯಸ್ಸಿಗೇ ಎದೆಯ ಗಡ್ಡೆಯಿಂದ ತೀರಿಕೊಂಡದ್ದು ಲೆಕ್ಕಕ್ಕೇ ಬರುವುದಿಲ್ಲ. ಬಿಆರ್‌ಸಿಎ1, ಬಿಆರ್‌ಸಿಎ2 ವಂಶವಾಹಿಗಳ ದೋಷ ಅಪ್ಪನ ಕಡೆಯಿಂದಲೂ ಅಷ್ಟೇ ಸಲೀಸಾಗಿ ಇಳಿಯುತ್ತದೆ. ಅದನ್ನು ಹೊತ್ತ ನೂರು ಹೆಂಗಸರಲ್ಲಿ ಸುಮಾರು 70 ಮಂದಿಗೆ ಎಂಬತ್ತು ತುಂಬುವುದರೊಳಗೆ ಸ್ತನ ಕ್ಯಾನ್ಸರ್ ಬರಬಹುದು. ಆದರೆ ಈ ಕ್ಯಾನ್ಸರ್ ಬಂದವರಲ್ಲಿ ವಂಶವಾಹಿಯ ದೋಷವಿರುವವರು ನೂರಕ್ಕೆ ಐದರಿಂದ ಹತ್ತು ಮಂದಿ ಅಷ್ಟೇ. ಹಾಗಾಗಿ ‘ನಮ್ಮಲ್ಲಿ ಯಾರಿಗೂ ಇಲ್ಲ’ ಎಂದು ನಿಶ್ಚಿಂತರಾಗುವಂತಿಲ್ಲ.

ಮಾತ್ರೆಯ ಭಯ ಹುಟ್ಟಿದ್ದು 2002ರ ಜುಲೈನಲ್ಲಿ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ 16,608 ಮಹಿಳೆಯರ ಮೇಲಿನ ಪ್ರಯೋಗವನ್ನು ನಡುವೆಯೇ ನಿಲ್ಲಿಸಿತು. ಈಸ್ಟ್ರೊಜೆನ್ ಜತೆ ಪ್ರೊಜೆಸ್ಟಿನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚಿತ್ತು. ಈ ಶೇಕಡಾವಾರು ಲೆಕ್ಕ ಕೇಳಿ ಲಕ್ಷಾಂತರ ಹೆಂಗಸರು ಮಾತ್ರೆ ಬಿಟ್ಟರು. ತಲೆ ಎಣಿಸಿ ಹೇಳುವುದಾದರೆ, ಹತ್ತು ಸಾವಿರ ಮಂದಿಯಲ್ಲಿ ವರ್ಷಕ್ಕೆ 30 ಜನರಿಗೆ ಬರುವ ಕಡೆ 38 ಜನರಿಗೆ ಬಂದಿತ್ತು. ಆ ಎಂಟು ಮಂದಿಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ವರ್ಷಗಳು ಕೂಡುತ್ತ ಹೋದಂತೆ ಅಪಾಯವೂ ಬೆಳೆಯುತ್ತದೆ: ಐವತ್ತರಿಂದ ಐದು ವರ್ಷ ಈ ಜೋಡಿ ಹಾರ್ಮೋನನ್ನು ದಿನವೂ ತೆಗೆದುಕೊಂಡರೆ, ಮುಂದಿನ ಇಪ್ಪತ್ತು ವರ್ಷಗಳಲ್ಲಿ 50 ಮಂದಿಗೆ ಒಬ್ಬರಂತೆ ಹೆಚ್ಚುವರಿ ಕ್ಯಾನ್ಸರ್ ಎಂದು 2019ರಲ್ಲಿ ‘ಲ್ಯಾನ್ಸೆಟ್’ ವರದಿ ಮಾಡಿತು. ಗರ್ಭಕೋಶ ತೆಗೆಸಿಕೊಂಡವರು ಬಳಸುವ ಬರೀ ಈಸ್ಟ್ರೊಜೆನ್‌ನಿಂದ ಅಪಾಯ ತೀರ ಕಡಿಮೆ.

ಅಮ್ಮನಿಗಿದ್ದರೆ ಮಾತ್ರೆ ಬೆಂಕಿಗೆ ತುಪ್ಪ ಸುರಿದಂತೆ ಎಂದು ಹೆದರಿಸುವವರಿದ್ದಾರೆ. ಅಮೆರಿಕದ ಅದೇ ಪ್ರಯೋಗದ ಅಂಕಿಅಂಶಗಳನ್ನು 2009ರಲ್ಲಿ ಮತ್ತೆ ಜಾಲಾಡಿದಾಗ ಹಾಗೇನೂ ಕಾಣಲಿಲ್ಲ. ಮನೆತನದ ಅಪಾಯಕ್ಕೆ ಮಾತ್ರೆಯ ಅಪಾಯ ಕೂಡಿಕೊಳ್ಳುತ್ತದೆ, ಒಂದು ಇನ್ನೊಂದನ್ನು ಕೆರಳಿಸುವುದಿಲ್ಲ. ಎರಡನ್ನೂ ಬಿಡಿಬಿಡಿಯಾಗಿ ತಿಳಿಸಿ, ಯಾವ ಮಾತ್ರೆ, ಎಷ್ಟು ವರ್ಷ ಎಂಬುದನ್ನು ಆಕೆಯೊಂದಿಗೆ ಕೂತು ತೀರ್ಮಾನಿಸುವುದು ವೈದ್ಯರ ಕರ್ತವ್ಯ.

ನನಗೆ ಹೆಚ್ಚು ಸಂಕಟವಾಗುವುದು ಬಿಆರ್‌ಸಿಎ ದೋಷವಿದೆ ಎಂದು ನಲವತ್ತರ ಆಸುಪಾಸಿನಲ್ಲೇ ಅಂಡಾಶಯ ತೆಗೆಸಿಕೊಂಡವರನ್ನು ಕಂಡಾಗ. ಅವರಿಗೆ ಮುಟ್ಟು ನಿಲ್ಲುವುದು ರಾತ್ರೋರಾತ್ರಿ. ಮೂಳೆ ಸವೆಯುತ್ತದೆ, ಹೃದಯಕ್ಕೂ ಪೆಟ್ಟು. ಸ್ತನ ಕ್ಯಾನ್ಸರ್ ಬಂದಿರದಿದ್ದರೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಇವರಿಗೆ ಹಾರ್ಮೋನ್ ಕೊಡಬಹುದು ಎಂದು ತಜ್ಞರ ಮಾರ್ಗಸೂಚಿಗಳೇ ಹೇಳುತ್ತವೆ. ಆದರೂ ಕಡತದಲ್ಲಿ ಬಿಆರ್‌ಸಿಎ ಎಂದು ಕಂಡೊಡನೆ ‘ನಿಮಗೆ ಬೇಡ’ ಎಂದು ಕಳಿಸಿಬಿಡುವುದುಂಟು.